ಮಾಲ್ಗುಡಿಗೆ ಮನೆ ಸಿಕ್ಕಿದ್ದು ಆಗುಂಬೆಯಲ್ಲಿ

2020ರ ಲಾಕ್‌ಡೌನ್ ನೆನಪಿದೆಯಲ್ಲ? ಧಾರಾವಾಹಿಗಳ ಶೂಟಿಂಗ್ ನಿಂತುಹೋಗಿತ್ತು. ಆಗ ಕನ್ನಡಕ್ಕೆ ಡಬ್ ಆದ ‘ಮಾಲ್ಗುಡಿ ಡೇಸ್’ ಟಿವಿಯಲ್ಲಿ ಬಂತು. ಬೆಟ್ಟದಪುರದ ಕಡೆಯ ನಮ್ಮ ಮನೆಗಳಲ್ಲೂ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಒಟ್ಟಿಗೆ ಕೂತು ನೋಡಿದೆವು. ಸ್ವಾಮಿ ಅಪ್ಪನಿಗೆ ಹೆದರಿ ಅಜ್ಜಿಯ ಮಗ್ಗುಲು ಸೇರಿದರೆ ಮನೆಯೆಲ್ಲ ನಗು. ‘ಇದು ನಮ್ಮ ಹಳೇ ಮೈಸೂರು ಕಣ್ರೋ’ ಅಂದ ಹಿರಿಯರೂ ಇದ್ದರು.

ಅವರ ಮಾತು ಪೂರ್ತಿ ತಪ್ಪಲ್ಲ. ಕಥೆ ಬರೆದ ಆರ್.ಕೆ. ನಾರಾಯಣ್ ಬದುಕಿನ ಬಹುಭಾಗ ಕಳೆದದ್ದು ಮೈಸೂರಿನಲ್ಲೇ. ಅವರ ತಂದೆ ಮೈಸೂರಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದರು. ಸ್ವಾಮಿಯ ಕಥೆ ಪುಸ್ತಕವಾಗಿ ಬಂದದ್ದು 1935ರಲ್ಲಿ. ಮಾಲ್ಗುಡಿ ಅನ್ನುವ ಊರು ಮಾತ್ರ ಯಾವ ನಕ್ಷೆಯಲ್ಲೂ ಇಲ್ಲ. ಇಲ್ಲದ ಊರನ್ನು ಕ್ಯಾಮೆರಾ ಮುಂದೆ ತರುವುದು ಹೇಗೆ?

ಇದರಲ್ಲಿ ನಾರಾಯಣ್ ಅವರಿಗೆ ಮೊದಲೇ ಒಂದು ಪೆಟ್ಟು ಬಿದ್ದಿತ್ತು. ಅವರ ‘ಗೈಡ್’ ಕಾದಂಬರಿ 1965ರಲ್ಲಿ ದೇವಾನಂದ್ ನಟಿಸಿದ ಸಿನಿಮಾ ಆಯಿತು. ಕಥೆ ನಡೆಯುವಂಥ ಜಾಗಗಳು ಯಾವುವು ಅಂತ ನಾರಾಯಣ್ ಅವರೇ ಸಿನಿಮಾದವರನ್ನು ಮೈಸೂರಿನ ಸುತ್ತಮುತ್ತ ಕರೆದುಕೊಂಡು ಹೋಗಿ ತೋರಿಸಿದ್ದರು. ಅವರು ಎಲ್ಲ ನೋಡಿಕೊಂಡು ಹೋಗಿ ರಾಜಸ್ಥಾನದಲ್ಲಿ ಶೂಟಿಂಗ್ ಮಾಡಿದರು! ಬಣ್ಣದ ಸಿನಿಮಾಕ್ಕೆ ಅರಮನೆ, ಕೋಟೆ ಬೇಕಿತ್ತು. ನಮ್ಮ ಹೊಳೆದಂಡೆ, ಕಲ್ಲುಮೆಟ್ಟಿಲು ಸಾಲಲಿಲ್ಲ. ಈ ಬೇಸರವನ್ನು ನಾರಾಯಣ್ ಮುಂದೆ ನಗುನಗುತ್ತಲೇ ಒಂದು ಪ್ರಬಂಧವಾಗಿ ಬರೆದರು.

ಸುಮಾರು ಇಪ್ಪತ್ತು ವರ್ಷದ ನಂತರ ಶಂಕರ್‌ನಾಗ್ ಅದೇ ಮಾಲ್ಗುಡಿಯನ್ನು ದೂರದರ್ಶನಕ್ಕೆ ತರಲು ಹೊರಟರು. ನಿರ್ಮಾಪಕರು ಟಿ.ಎಸ್. ನರಸಿಂಹನ್. ಮಾತು ಹಿಂದಿ, ಇಂಗ್ಲಿಷ್. ನಟರಲ್ಲಿ ಬಹಳ ಜನ ಕನ್ನಡದವರು. ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಅನಂತ್‌ನಾಗ್, ವಿಷ್ಣುವರ್ಧನ್ ಕೂಡ ಬಂದು ಹೋಗುತ್ತಾರೆ. ಶುರುವಿನಲ್ಲಿ ಕಾಣುವ ಚಿತ್ರಗಳು ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದವು. ಇವತ್ತಿಗೂ ಬಾಯಲ್ಲಿ ಗುನುಗುವ ಆ ರಾಗ ಎಲ್. ವೈದ್ಯನಾಥನ್ ಅವರದು. 1986ರಲ್ಲಿ ಪ್ರಸಾರ ಆಯಿತು.

ಬಹುಪಾಲು ಶೂಟಿಂಗ್ ನಡೆದದ್ದು ಮೈಸೂರಿನಲ್ಲಲ್ಲ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಬಯಲುಸೀಮೆಯ ಬಿಸಿಲಿನ ಊರಿನ ಕಥೆ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರಿಗೆ ಹೋಗಿದ್ದು ತಮಾಷೆಯೇ. ಆದರೆ ಹಳೇ ಕಾಲ ತೋರಿಸುವವರಿಗೆ ಕಟ್ಟುವುದಕ್ಕಿಂತ ಮರೆಮಾಡುವ ಕೆಲಸ ಜಾಸ್ತಿ. 1990ರ ಬೆಟ್ಟದಪುರವನ್ನು ಈಗ ಶೂಟ್ ಮಾಡಬೇಕು ಅಂದುಕೊಳ್ಳಿ. ಮೊಬೈಲ್ ಟವರ್, ಡಿಶ್, ಫ್ಲೆಕ್ಸ್, ಸಿಮೆಂಟ್ ರಸ್ತೆ ಎಲ್ಲವನ್ನೂ ಮುಚ್ಚಬೇಕು. ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಒಂದೇ ಹಾಗೇ ಸಿಗುತ್ತದೆ. ಆಗುಂಬೆಯಲ್ಲಿ ಆ ಕಷ್ಟ ಕಡಿಮೆ ಇತ್ತು: ಹೆಂಚಿನ ಮನೆ, ಜಗುಲಿ, ಮರದ ಕಂಬದ ಬೀದಿ ಹಾಗೇ ಉಳಿದಿದ್ದವು.

ಉಳಿದದ್ದನ್ನು ಕಲಾ ನಿರ್ದೇಶಕ ಜಾನ್ ದೇವರಾಜ್ ಕಟ್ಟಿದರು. ಕಥೆಯಲ್ಲಿ ಬರುವ ಸರ್ ಫ್ರೆಡರಿಕ್ ಲಾಲಿ ಅನ್ನುವ ದೊರೆಯ ಪ್ರತಿಮೆಯನ್ನೂ ಊರ ನಡುವೆ ನಿಲ್ಲಿಸಿದರು. ಇಲ್ಲದ ಊರಿಗೆ ಇಲ್ಲದ ದೊರೆ! ಆಗುಂಬೆಯಲ್ಲಿ ರೈಲಿಲ್ಲವಲ್ಲ, ಅದಕ್ಕೆ ಹೊಸನಗರ ತಾಲ್ಲೂಕಿನ ಅರಸಾಳು ಸ್ಟೇಷನ್ ಮಾಲ್ಗುಡಿ ಸ್ಟೇಷನ್ ಆಯಿತು. ಸ್ವಾಮಿಯ ಮನೆಯಾಗಿದ್ದು ಆಗುಂಬೆಯ ದೊಡ್ಡಮನೆ. ಅದು ಸೆಟ್ ಅಲ್ಲ, ಜನ ಬದುಕುತ್ತಿದ್ದ ಮನೆ. ಮನೆ ತುಂಬ ಲೈಟು, ವೈರು, ಹೊರಗಿನ ಜನ ಓಡಾಡುವಾಗ ಅಡುಗೆ, ಪೂಜೆ, ಮಕ್ಕಳ ಓದು ನಡೆಸುವುದು ಎಷ್ಟು ಕಷ್ಟ ಅಂತ ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಸಿನಿಮಾ ಮಾಡಿದವರ ಹೆಸರು ಪರದೆ ಮೇಲೆ ಬರುತ್ತದೆ, ಮನೆ ಬಿಟ್ಟುಕೊಟ್ಟವರನ್ನು ಯಾರು ನೆನೆಯುತ್ತಾರೆ?

ಅಮೆರಿಕದಲ್ಲೂ ಇಂಥದೇ ಒಂದು ಕಥೆ ಇದೆ. ‘ಎ ಕ್ರಿಸ್‌ಮಸ್ ಸ್ಟೋರಿ’ 1983ರ ನಗೆಸಿನಿಮಾ. ಹಬ್ಬಕ್ಕೆ ಆಟದ ಬಂದೂಕು ಬೇಕು ಅಂತ ಹಟ ಹಿಡಿದ ಹುಡುಗ, ಸಿಡುಕುವ ಅಪ್ಪ, 1940ರ ಆಸುಪಾಸಿನ ಕಾಲ. ಅದರಲ್ಲಿ ಬರುವ ಊರಿನ ಹೆಸರೂ ಲೇಖಕರು ಕಟ್ಟಿದ್ದೇ. ಮನೆ ಸಿಕ್ಕಿದ್ದು ಕ್ಲೀವ್‌ಲ್ಯಾಂಡ್ ಪಟ್ಟಣದಲ್ಲಿ. ಹಿಮ ಸಾಲದೆ ಬೆಂಕಿ ಆರಿಸುವ ನೊರೆಯನ್ನು ಸುರಿದು ಬೀದಿ ಬೆಳ್ಳಗೆ ಮಾಡಿದರು. ಚಳಿಗೆ ಹುಡುಗನ ನಾಲಿಗೆ ಕಂಬಕ್ಕೆ ಅಂಟಿಕೊಳ್ಳುವ ದೃಶ್ಯಕ್ಕೆ, ಕಂಬದೊಳಗೆ ಗಾಳಿ ಎಳೆಯುವ ಕೊಳವೆ ಇಟ್ಟಿದ್ದರು. ಥಿಯೇಟರ್‌ನಲ್ಲಿ ಸುಮಾರಾಗಿ ಓಡಿದ ಸಿನಿಮಾ, ಟಿವಿಯಲ್ಲಿ ವರ್ಷವರ್ಷವೂ ಬಂದು ಮನೆಮಾತಾಯಿತು. ಆ ಮನೆಯನ್ನು ಅಭಿಮಾನಿಯೊಬ್ಬರು 2004ರಲ್ಲಿ ಕೊಂಡು ಮ್ಯೂಸಿಯಂ ಮಾಡಿದರು.

ನಮ್ಮಲ್ಲಿ ಅರಸಾಳಿನ ಹಳೇ ಸ್ಟೇಷನ್ ಕಟ್ಟಡವನ್ನು ರೈಲ್ವೆಯವರು ಜಾನ್ ದೇವರಾಜ್ ಅವರ ಕೈಯಲ್ಲೇ ಸರಿಪಡಿಸಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಅದನ್ನು ನೋಡಲು ಶಂಕರ್‌ನಾಗ್ ಇರಲಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡು ಬಳಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು.

ಸಿನಿಮಾದ ಮನೆ, ಸ್ಟೇಷನ್ ಉಳಿದವು. ನಾರಾಯಣ್ ನಿಜವಾಗಿ ಬಾಳಿದ ಮೈಸೂರು ಯಾದವಗಿರಿಯ ಮನೆಯನ್ನು ಮಾತ್ರ 2011ರಲ್ಲಿ ಒಡೆಯಲು ಶುರುಮಾಡಿದ್ದರು. ಜನ ಗಲಾಟೆ ಮಾಡಿದ ಮೇಲೆ ಕೆಲಸ ನಿಂತಿತು. ಮೈಸೂರು ಮಹಾನಗರ ಪಾಲಿಕೆ ಅದನ್ನು ಕೊಂಡು, ರಿಪೇರಿ ಮಾಡಿಸಿ, 2016ರಲ್ಲಿ ಮ್ಯೂಸಿಯಂ ಆಗಿ ತೆರೆದಿದೆ. ಮೈಸೂರಿಗೆ ಆಸ್ಪತ್ರೆ, ಕೋರ್ಟು ಅಂತ ಹೋದಾಗ ಒಂದು ಗಂಟೆ ಬಿಡುವು ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಹೋಗಿ. ರೈಲ್ವೆ ಸ್ಟೇಷನ್ನಿಂದ ಬಹಳ ದೂರವೇನಿಲ್ಲ.