ಅದಿರು ಕಂಡ ಕಡಲು: ಹಡಗಿನ ಎಂಜಿನಿಯರಿಂಗ್ ಓದು ನಡೆದುಬಂದ ಹಾದಿ

ಸಂಡೂರಿನ ಅದಿರು ಕಂಡಷ್ಟು ಕಡಲನ್ನು ಸಂಡೂರಿನ ಹುಡುಗರು ಕಂಡಿಲ್ಲ. ಹೊಸಪೇಟೆಯಿಂದ ರೈಲು ಹತ್ತಿ ಪಶ್ಚಿಮಕ್ಕೆ ಮರ್ಮಗೋವಾ, ಪೂರ್ವಕ್ಕೆ ಚೆನ್ನೈ. ಲಾರಿ ಹತ್ತಿ ಮಂಗಳೂರು, ಬೇಲೆಕೇರಿ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸುವವರೆಗೂ ನಮ್ಮ ಕೆಮ್ಮಣ್ಣು ಹಡಗು ತುಂಬಿ ಚೀನಾ ಮುಟ್ಟುತ್ತಿತ್ತು. ಆ ಹಡಗುಗಳ ಎಂಜಿನ್ ನಡೆಸಿದವರು ಯಾರು, ಅವರು ಆ ಕೆಲಸ ಎಲ್ಲಿ ಕಲಿತರು ಎಂದು ಕೇಳಿದವರು ಇಲ್ಲಿ ಕಡಿಮೆ. ಈಗೀಗ ಪಿಯುಸಿ ಮುಗಿದ ಮಕ್ಕಳಿರುವ ಮನೆಗಳಲ್ಲಿ ‘ಮರ್ಚೆಂಟ್ ನೇವಿ’ ಎಂಬ ಮಾತು ಕೇಳಿಬರುತ್ತಿದೆ. ಹೆಸರಿನಲ್ಲಿ ನೇವಿ ಇದ್ದರೂ ಇದು ನೌಕಾಪಡೆಯಲ್ಲ, ಸರಕು ಸಾಗಿಸುವ ವ್ಯಾಪಾರಿ ಹಡಗುಗಳ ಕೆಲಸ. ಅದರಲ್ಲಿ ಎರಡು ಕವಲು: ಹಡಗಿನ ದಾರಿ ನೋಡಿಕೊಳ್ಳುವವರದು ನಾಟಿಕಲ್ ಸೈನ್ಸ್, ಯಂತ್ರ ನೋಡಿಕೊಳ್ಳುವವರದು ಮರೈನ್ ಎಂಜಿನಿಯರಿಂಗ್. ಈ ಬರಹ ಎರಡನೆಯದನ್ನು ಕುರಿತದ್ದು.

ನೀರು ದಾಟುವ ವಿದ್ಯೆ ನಮಗೆ ಹೊಸದೇನಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಆನೆಗೊಂದಿಯ ಬಳಿ ಹೊಳೆ ದಾಟಿಸುತ್ತಿದ್ದ, ತೊಗಲು ಹೊದಿಸಿದ ದುಂಡನೆಯ ಹರಿಗೋಲುಗಳ ಬಗ್ಗೆ ಬರೆದಿಟ್ಟಿದ್ದಾನೆ. ಹರಿಗೋಲು ಹಾಕುವುದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಅಪ್ಪನ ಪಕ್ಕ ಕೂತು ಮಗ ಕಲಿತ. ಹಡಗಿನ ಎಂಜಿನಿಯರಿಂಗ್ ಕೂಡ ಹುಟ್ಟಿದ್ದು ಹೀಗೆಯೇ, ಕೈಯಿಂದ ಕೈಗೆ. ಪುಸ್ತಕ ಆಮೇಲೆ ಬಂತು. ಅಂದಿನಿಂದ ಇಂದಿನವರೆಗೆ ಈ ಓದಿನ ಕಥೆಯೆಂದರೆ ಕೈಗೂ ಪುಸ್ತಕಕ್ಕೂ ನಡೆದ ಹಗ್ಗಜಗ್ಗಾಟವೇ.

ಮೊದಲ ಹೆಸರು ಮುಂಬಯಿಯ ಅರ್ದೇಶಿರ್ ಕರ್ಸೆಟ್‌ಜಿ ವಾಡಿಯಾ ಅವರದು. ಹಡಗು ಕಟ್ಟುವ ಪಾರ್ಸಿ ಮನೆತನದಲ್ಲಿ ಹುಟ್ಟಿ, ಉಗಿಯಂತ್ರದ ಹುಚ್ಚು ಹತ್ತಿಸಿಕೊಂಡು, ಇಂಗ್ಲೆಂಡಿಗೆ ಹೋಗಿ ಆ ವಿದ್ಯೆ ಕಲಿತರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದರು. ಆ ಗೌರವ ಪಡೆದ ಮೊದಲ ಭಾರತೀಯ ಒಬ್ಬ ಹಡಗಿನ ಎಂಜಿನಿಯರ್. ಮುಂಬಯಿಯ ಉಗಿಯಂತ್ರ ಕಾರ್ಖಾನೆಗೆ ಮುಖ್ಯ ಎಂಜಿನಿಯರ್ ಆದಾಗ ಅವರ ಕೈಕೆಳಗೆ ಯುರೋಪಿಯನ್ನರೂ ದುಡಿದರು. ಆದರೆ ಅದು ಒಬ್ಬರ ಕಥೆ. ಉಳಿದಂತೆ ಸುಮಾರು ನೂರು ವರ್ಷ ಎಂಜಿನ್ ಕೋಣೆಯಲ್ಲಿ ನಮ್ಮವರ ಪಾಲಿಗೆ ಬಂದದ್ದು ಖಲಾಸಿಯ ಕೆಲಸ: ಕುಲುಮೆಗೆ ಕಲ್ಲಿದ್ದಲು ತುಂಬುವುದು, ಎಣ್ಣೆ ಹಾಕುವುದು. ಸರ್ಟಿಫಿಕೇಟ್ ಇದ್ದವರು ಬಹುಪಾಲು ಬ್ರಿಟಿಷರು.

ಇದು ಬದಲಾಗಬೇಕೆಂಬ ಒತ್ತಾಯ 1920ರ ದಶಕದಲ್ಲಿ ಕೇಂದ್ರ ಶಾಸನಸಭೆಯವರೆಗೆ ಹೋಯಿತು. ಅದರ ಫಲವಾಗಿ 1927ರಲ್ಲಿ ಸೇನೆಯನ್ನು ಸಾಗಿಸುತ್ತಿದ್ದ ‘ಡಫರಿನ್’ ಎಂಬ ಹಳೆಯ ಹಡಗನ್ನು ಮುಂಬಯಿಯ ಮಜಗಾಂವ್ ಬಳಿ ಲಂಗರು ಹಾಕಿ ತರಬೇತಿ ಶಾಲೆ ಮಾಡಿದರು. ಮೊದಲು ಅಲ್ಲಿ ಹಡಗು ನಡೆಸುವವರಿಗಷ್ಟೇ ಪಾಠ. ಎಂಜಿನಿಯರ್ ಕೆಡೆಟ್‌ಗಳು ಸೇರಿದ್ದು ಮೂವತ್ತರ ದಶಕದಲ್ಲಿ. ಈ ಓದು ನಿಜವಾಗಿ ತನ್ನ ಕಾಲ ಮೇಲೆ ನಿಂತದ್ದು ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಕಲ್ಕತ್ತಾ ಮತ್ತು ಮುಂಬಯಿಯಲ್ಲಿ ‘ಡಿಮೆಟ್’ ಎಂಬ ಸರ್ಕಾರಿ ತರಬೇತಿ ಸಂಸ್ಥೆ ಶುರುವಾದಾಗ. ನಾಲ್ಕು ವರ್ಷದ ಕೋರ್ಸು. ಹಡಗು ರಿಪೇರಿಯ ವರ್ಕ್‌ಶಾಪಿನಲ್ಲಿ ಫೈಲ್ ಹಿಡಿದು ಕಬ್ಬಿಣ ಉಜ್ಜುವುದು, ಜೊತೆಗೆ ತರಗತಿಯ ಪಾಠ. ದೇಶಕ್ಕೆ ಒಂದಿಡೀ ತಲೆಮಾರಿನ ಚೀಫ್ ಎಂಜಿನಿಯರ್‌ಗಳನ್ನು ಕೊಟ್ಟದ್ದು ಈ ಶಾಲೆ. ಕೈ ಮತ್ತು ಪುಸ್ತಕದ ಹದ ಅಷ್ಟು ಚೆನ್ನಾಗಿ ಕೂಡಿಬಂದದ್ದು ಆಮೇಲೆ ಮತ್ತೆಲ್ಲೂ ಇಲ್ಲವೆಂದೇ ನನ್ನ ಅಭಿಪ್ರಾಯ. ಈ ಸಂಸ್ಥೆಯೇ ಮುಂದೆ ‘ಮೆರಿ’ ಆಯಿತು. ಭಾರತದ ಮೊದಲ ಮಹಿಳಾ ಹಡಗು ಎಂಜಿನಿಯರ್ ಸೋನಾಲಿ ಬ್ಯಾನರ್ಜಿ ತೊಂಬತ್ತರ ದಶಕದಲ್ಲಿ ಓದಿದ್ದು ಇಲ್ಲಿಯೇ. ಆ ತನಕ ಹುಡುಗಿಯರನ್ನೇ ಕಾಣದ ಹಾಸ್ಟೆಲಿನಲ್ಲಿ ಅವರಿಗೊಂದು ಕೋಣೆ ಹುಡುಕುವುದೂ ಸಮಸ್ಯೆಯಾಯಿತಂತೆ.

ಅಷ್ಟರಲ್ಲಿ ಯಂತ್ರವೇ ಬದಲಾಗಿತ್ತು. ಡೆನ್ಮಾರ್ಕಿನ ‘ಸೆಲಾಂಡಿಯಾ’ 1912ರಲ್ಲೇ ಡೀಸೆಲ್ ಎಂಜಿನ್ನಿನಿಂದ ಸಾಗರ ದಾಟಿತ್ತು. ಕ್ರಮೇಣ ಉಗಿ ಹಿಂದೆ ಸರಿಯಿತು. ಇಂದಿನ ದೊಡ್ಡ ಸರಕು ಹಡಗಿನ ಮುಖ್ಯ ಎಂಜಿನ್ ನಿಧಾನಗತಿಯದು, ನಿಮಿಷಕ್ಕೆ ಸುಮಾರು ನೂರು ಸುತ್ತು. 2006ರ ‘ಎಮ್ಮಾ ಮೇರ್ಸ್ಕ್’ ಹಡಗಿನ ಹದಿನಾಲ್ಕು ಸಿಲಿಂಡರಿನ ಎಂಜಿನ್ ಲಕ್ಷ ಅಶ್ವಶಕ್ತಿ ಮೀರಿದ್ದು. ಎಂಜಿನಿಯರ್ ಪಾಲಿನದು ಅದೊಂದೇ ಅಲ್ಲ. ಕರೆಂಟು ತಯಾರಿಸುವ ಜನರೇಟರ್‌ಗಳು, ಬಾಯ್ಲರ್, ಎಣ್ಣೆ ಶುದ್ಧಿ ಮಾಡುವ ಪ್ಯೂರಿಫೈಯರ್, ಕೊಳೆನೀರಿನಿಂದ ಎಣ್ಣೆ ಬೇರ್ಪಡಿಸುವ ಸಪರೇಟರ್, ಕೋಲ್ಡ್ ರೂಮ್, ಎಲ್ಲವೂ ಅವನ ಪಾಲೇ. ಎಂಜಿನ್ ತಣಿಸಿ ಬಿಸಿಯಾದ ನೀರಿನ ಶಾಖದಿಂದಲೇ ಕಡಲ ನೀರನ್ನು ಕುದಿಸಿ ಸಿಹಿನೀರು ಮಾಡುತ್ತಾರೆ. ಒಳಗಿನ ಗಾಳಿಯ ಒತ್ತಡ ಇಳಿಸಿರುವುದರಿಂದ ಆ ನೀರು ನೂರು ಡಿಗ್ರಿಗೆ ಬಹಳ ಮೊದಲೇ ಕುದಿಯುತ್ತದೆ. ನಡುಗಡಲಲ್ಲಿ ಇವುಗಳಲ್ಲಿ ಯಾವುದು ಕೆಟ್ಟರೂ ಮೆಕ್ಯಾನಿಕ್‌ಗೆ ಫೋನ್ ಮಾಡುವಂತಿಲ್ಲ.

ಓದಿನ ಚೌಕಟ್ಟನ್ನು ಜಗತ್ತಿಗೆಲ್ಲ ಒಂದು ಮಾಡಿದ್ದು ನಾವಿಕರ ತರಬೇತಿ ಕುರಿತ 1978ರ ಎಸ್‌ಟಿಸಿಡಬ್ಲ್ಯು ಒಪ್ಪಂದ. 1995ರಲ್ಲಿ ಅದನ್ನು ಬಿಗಿ ಮಾಡಿದರು. 2010ರ ಮನಿಲಾ ತಿದ್ದುಪಡಿ ಹಡಗಿನ ಎಲೆಕ್ಟ್ರೋ-ಟೆಕ್ನಿಕಲ್ ಅಧಿಕಾರಿಗೆ ಬೇರೆಯೇ ಸ್ಥಾನ ಕೊಟ್ಟಿತು. ಮಾಲಿನ್ಯದ ನಿಯಮಗಳೂ ಪಠ್ಯಕ್ಕೆ ಬಂದವು: 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕ ಶೇ. 0.5 ಮೀರುವಂತಿಲ್ಲ, ಮೊದಲು ಶೇ. 3.5ರವರೆಗೆ ಇರಬಹುದಿತ್ತು. ಈಗ ಮೆಥನಾಲ್, ಅಮೋನಿಯಾಗಳ ಮಾತು ನಡೆದಿದೆ. ಕೆಡೆಟ್ ಓದುವ ಎಂಜಿನ್ ಒಂದು, ಅವನು ಚೀಫ್ ಆಗುವ ಹೊತ್ತಿಗೆ ನಡೆಸಬೇಕಾದ ಎಂಜಿನ್ ಮತ್ತೊಂದು.

ನಮ್ಮಲ್ಲಿ ತೊಂಬತ್ತರ ದಶಕದ ಕೊನೆಗೆ ಖಾಸಗಿ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಮೆರಿಯಂಥ ಸರ್ಕಾರಿ ಸಂಸ್ಥೆಗಳು 2008ರಲ್ಲಿ ಚೆನ್ನೈ ಕೇಂದ್ರವಾದ ಭಾರತೀಯ ಸಾಗರ ವಿಶ್ವವಿದ್ಯಾಲಯದಡಿ ಬಂದವು. ಚೆನ್ನೈ, ಕೊಚ್ಚಿ, ಕೋಲ್ಕತ್ತ, ಮುಂಬೈ, ನವಿ ಮುಂಬೈ, ವಿಶಾಖಪಟ್ಟಣಗಳಲ್ಲಿ ಅದರ ಕ್ಯಾಂಪಸ್‌ಗಳಿವೆ. ಮುನ್ನೂರು ಕಿಲೋಮೀಟರಿನಷ್ಟು ಕರಾವಳಿಯಿರುವ ಕರ್ನಾಟಕಕ್ಕೆ ಒಂದೂ ಇಲ್ಲ. ಇದು ನ್ಯಾಯವಲ್ಲ. ನಮ್ಮಲ್ಲಿ ಈ ಓದು ಸಿಗುವುದು ಮಂಗಳೂರಿನ ಆಸುಪಾಸಿನ ಖಾಸಗಿ ಕಾಲೇಜುಗಳಲ್ಲಿ ಮಾತ್ರ.

ಹಾಗಾದರೆ ಹೊಸಪೇಟೆ, ಕಂಪ್ಲಿ, ಸಂಡೂರಿನವರಿಗೆ ಯಾವ ದಾರಿ? ಪಿಯುಸಿಯಲ್ಲಿ ಪಿಸಿಎಂ ತೆಗೆದುಕೊಂಡು ಶೇ. 60 ಪಡೆದವರು ಸಾಗರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷದ ಬಿ.ಟೆಕ್ ಸೇರಬಹುದು. ಎರಡನೆಯ ದಾರಿ ನಮಗೆ ಇನ್ನೂ ಹತ್ತಿರದ್ದು, ಹೆಚ್ಚಿನವರಿಗೆ ಗೊತ್ತಿಲ್ಲದ್ದು. ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಕಾಲೇಜಿನಲ್ಲೋ ಬಳ್ಳಾರಿಯಲ್ಲೋ ಮೆಕ್ಯಾನಿಕಲ್ ಬಿ.ಇ. ಮುಗಿಸಿ, ಜಿಎಂಇ ಎಂಬ ಒಂದು ವರ್ಷದ ತರಬೇತಿ ಪಡೆದು ಹಡಗು ಹತ್ತುವುದು. ಮನೆ ಸಮೀಪ ಓದಿದ ಖರ್ಚು ಕಡಿಮೆ. ಹಡಗು ಬೇಡವೆನಿಸಿದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಾಗಿಲೂ ತೆರೆದಿರುತ್ತದೆ.

ಈ ಸೀಮೆಗೆ ಕೈಕೆಲಸದ ಬೇರು ಇಲ್ಲದಿಲ್ಲ. ದೇಶದ ಹಲವು ಅಣೆಕಟ್ಟುಗಳಿಗೆ ಗೇಟು ಮಾಡಿಕೊಟ್ಟ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಇದ್ದದ್ದು ಟಿ.ಬಿ. ಡ್ಯಾಮಿನಲ್ಲೇ, ಅದನ್ನು ಮುಚ್ಚಿದ್ದು ದುರಂತ. 2024ರ ಆಗಸ್ಟ್ 10ರ ರಾತ್ರಿ ಅದೇ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ, ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದ್ದನ್ನು ನಾಡೆಲ್ಲ ನೋಡಿತು. ಎಂಜಿನ್ ಕೋಣೆ ಬೇಡುವುದೂ ಇಂಥದ್ದೇ ಬುದ್ಧಿಯನ್ನು: ಇರುವ ಸಾಮಾನಿನಲ್ಲಿ, ಇರುವ ಹೊತ್ತಿನಲ್ಲಿ, ನಿಲ್ಲದ ನೀರಿನ ಮೇಲೆ ದುರಸ್ತಿ.

ಕಷ್ಟ ಇರುವುದು ಓದಿನಲ್ಲಿ ಅಲ್ಲ, ಓದು ಮುಗಿದ ಮೇಲೆ. ಕೋರ್ಸು ಮುಗಿಸಿದವರು ಆರು ತಿಂಗಳು ಹಡಗಿನಲ್ಲಿ ತರಬೇತಿ ಪಡೆದ ಮೇಲಷ್ಟೇ ಕ್ಲಾಸ್ ಫೋರ್ ಪರೀಕ್ಷೆ. ಅದು ಪಾಸಾಗದೆ ಅಧಿಕಾರಿ ಹುದ್ದೆಯಿಲ್ಲ. ಕಾಲೇಜುಗಳು ಹೆಚ್ಚಿದಷ್ಟು ಹಡಗಿನಲ್ಲಿ ತರಬೇತಿಯ ಜಾಗ ಹೆಚ್ಚಲಿಲ್ಲ. ಲಕ್ಷಗಟ್ಟಲೆ ಫೀಸು ಕಟ್ಟಿ ಮನೆಯಲ್ಲಿ ಕೂತ ಹುಡುಗರಿದ್ದಾರೆ; ಹಡಗು ಹತ್ತಿಸುತ್ತೇವೆಂದು ಅವರಿಂದ ಮತ್ತೆ ದುಡ್ಡು ಕೀಳುವ ಏಜೆಂಟರೂ ಇದ್ದಾರೆ.

ಆದ್ದರಿಂದ ತಂದೆತಾಯಿಗಳಲ್ಲಿ ಒಂದು ಮನವಿ. ಮೊದಲು ಮಗುವಿನ ಕಣ್ಣು ಪರೀಕ್ಷೆ ಮಾಡಿಸಿ; ಬಣ್ಣಗುರುಡು ಇದ್ದರೆ ಈ ದಾರಿ ಅಲ್ಲಿಗೇ ಮುಗಿಯಿತು. ಕಾಲೇಜಿಗೆ ಹಡಗು ಸಾರಿಗೆ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ, ತಪಾಸಣೆಯಲ್ಲಿ ಯಾವ ಗ್ರೇಡ್ ಸಿಕ್ಕಿದೆ, ಹಿಂದಿನ ಬ್ಯಾಚಿನವರಲ್ಲಿ ಎಷ್ಟು ಮಂದಿ ನಿಜವಾಗಿ ಹಡಗು ಹತ್ತಿದರು ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಕಂಪನಿಯ ಸ್ಪಾನ್ಸರ್‌ಶಿಪ್ ಮೊದಲೇ ಸಿಕ್ಕರೆ ಅರ್ಧ ಚಿಂತೆ ಕಳೆದಂತೆ. ಕೆಲಸ ಕೊಡಿಸುವುದಕ್ಕೆ ನಾವಿಕನಿಂದ ಹಣ ಪಡೆಯುವಂತಿಲ್ಲ ಎಂದು ಭಾರತ 2015ರಲ್ಲಿ ಒಪ್ಪಿದ ಕಡಲ ಕಾರ್ಮಿಕ ಒಪ್ಪಂದವೇ ಹೇಳುತ್ತದೆ. ಯಾರಾದರೂ ಕೇಳಿದರೆ ಕೊಡಬೇಡಿ.