ಸಾಮಾಜಿಕ ಜಾಲತಾಣಗಳಲ್ಲಿ ಶಿಕ್ಷಕರ ಖಾಸಗಿತನ

ಸಾಮಾಜಿಕ ಜಾಲತಾಣಗಳಲ್ಲಿ ಶಿಕ್ಷಕರ ಖಾಸಗಿತನ ಎಂಬುದು ಬೋಧಕರು ತಮ್ಮ ವೈಯಕ್ತಿಕ ಬದುಕಿನ ಚಿತ್ರ, ಬರಹ ಮತ್ತು ಸಂಪರ್ಕಗಳನ್ನು ವಿದ್ಯಾರ್ಥಿಗಳು, ಪೋಷಕರು ಹಾಗೂ ಆಡಳಿತ ಮಂಡಳಿಯಿಂದ ಪ್ರತ್ಯೇಕವಾಗಿ ಇರಿಸಿಕೊಳ್ಳುವ ಹಕ್ಕು ಮತ್ತು ಅದರ ಮಿತಿಗಳಿಗೆ ಸಂಬಂಧಿಸಿದ ವಿಷಯವಾಗಿದೆ. ಶಿಕ್ಷಕರು ತರಗತಿಯ ಹೊರಗೂ ಮಾದರಿಯಾಗಿರಬೇಕೆಂಬ ನಿರೀಕ್ಷೆ ಹಳೆಯದು. ಮೇಷ್ಟ್ರು ಸಂಜೆ ಯಾರ ಜೊತೆ ಕುಳಿತಿದ್ದರೆಂಬುದು ಹಿಂದೆಯೂ ಊರಿಗೆಲ್ಲ ತಿಳಿಯುತ್ತಿತ್ತು. ಆದರೆ ಊರಿನ ಮಾತು ಕೆಲವು ದಿನಗಳಲ್ಲಿ ಮರೆಯಾಗುತ್ತಿತ್ತು. ಜಾಲತಾಣದ ಚಿತ್ರ ಹಾಗೆ ಮರೆಯಾಗುವುದಿಲ್ಲ.

ಮಿಲರ್ಸ್‌ವಿಲ್ ಪ್ರಕರಣ

ಈ ವಿಷಯದಲ್ಲಿ ಹೆಚ್ಚು ಚರ್ಚೆಗೊಳಗಾದ ಪ್ರಕರಣ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ್ದು. 2006ರಲ್ಲಿ ಮಿಲರ್ಸ್‌ವಿಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬರು ಪ್ರೌಢಶಾಲೆಯೊಂದರಲ್ಲಿ ಬೋಧನಾ ತರಬೇತಿ ಪಡೆಯುತ್ತಿದ್ದರು. ಕಡಲ್ಗಳ್ಳರ ಟೋಪಿ ಧರಿಸಿ ಪ್ಲಾಸ್ಟಿಕ್ ಲೋಟದಿಂದ ಕುಡಿಯುತ್ತಿದ್ದ ತಮ್ಮ ಚಿತ್ರವನ್ನು ಅವರು ಮೈಸ್ಪೇಸ್ ತಾಣದಲ್ಲಿ 'ಕುಡುಕ ಕಡಲ್ಗಳ್ಳ' ಎಂಬ ಅಡಿಬರಹದೊಂದಿಗೆ ಪ್ರಕಟಿಸಿದ್ದರು. ಶಾಲೆ ಇದನ್ನು ಆಕ್ಷೇಪಿಸಿತು. ವಿಶ್ವವಿದ್ಯಾಲಯವು ಶಿಕ್ಷಣ ಪದವಿಯ ಬದಲು ಇಂಗ್ಲಿಷ್ ವಿಷಯದ ಪದವಿಯನ್ನು ನೀಡಿತು. ಇದರಿಂದ ಬೋಧನಾ ಅರ್ಹತೆಯ ದಾರಿ ಮುಚ್ಚಿತು. 2008ರಲ್ಲಿ ಸಂಯುಕ್ತ ನ್ಯಾಯಾಲಯವು ಅವರ ದಾವೆಯನ್ನು ತಳ್ಳಿಹಾಕಿತು.

ವಿಕ್ಟರ್ ಮೇಯರ್-ಶೋನ್‌ಬರ್ಗರ್ ತಮ್ಮ 2009ರ 'ಡಿಲೀಟ್' ಕೃತಿಯಲ್ಲಿ, ಗಣಕಗಳು ಮರೆಯದ ಕಾಲದ ಉದಾಹರಣೆಯಾಗಿ ಈ ಘಟನೆಯನ್ನು ಬಳಸಿದ್ದಾರೆ. ಮರುಹೇಳಿಕೆಗಳಲ್ಲಿ ಕಥೆ ಸಾಕಷ್ಟು ಸರಳಗೊಂಡಿದೆ. ಬೋಧನಾ ಸಾಮರ್ಥ್ಯದ ಬಗೆಗಿನ ದೂರುಗಳು ಮತ್ತು ಶಾಲೆಯ ಮಾರ್ಗದರ್ಶಿ ಶಿಕ್ಷಕಿಯನ್ನು ಕುರಿತದ್ದೆಂದು ಭಾವಿಸಲಾದ ಬರಹವೂ ನ್ಯಾಯಾಲಯದ ದಾಖಲೆಯಲ್ಲಿದ್ದವು.

ಸಾರ್ವಜನಿಕ ಮಾತು ಮತ್ತು ಖಾಸಗಿ ಚಿತ್ರ

ತೀರ್ಪಿನ ತರ್ಕ ಗಮನಾರ್ಹವಾದುದು. ಪತ್ರಿಕೆಗೆ ಪತ್ರ ಬರೆದು ಶಾಲಾ ಮಂಡಳಿಯ ಹಣಕಾಸು ನಿರ್ವಹಣೆಯನ್ನು ಟೀಕಿಸಿದ ಶಿಕ್ಷಕರ ವಜಾ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1968ರ ಪಿಕರಿಂಗ್ ಪ್ರಕರಣದಲ್ಲಿ ಹೇಳಿತ್ತು. ಅಲ್ಲಿ ರಕ್ಷಣೆ ದೊರೆತದ್ದು ಸಾರ್ವಜನಿಕ ಮಹತ್ವದ ಮಾತಿಗೆ. ಮಿಲರ್ಸ್‌ವಿಲ್ ಪ್ರಕರಣದಲ್ಲಿ ವಿದ್ಯಾರ್ಥಿನಿಯನ್ನು ಸಾರ್ವಜನಿಕ ನೌಕರರಂತೆ ಪರಿಗಣಿಸಲಾಯಿತು. ಚಿತ್ರವು ಕೇವಲ ವೈಯಕ್ತಿಕ ವಿಷಯವಾದ್ದರಿಂದ ರಕ್ಷಣೆ ಸಿಗಲಿಲ್ಲ. ಅಂದರೆ ಖಾಸಗಿಯಾಗಿದ್ದುದೇ ಅದರ ದೌರ್ಬಲ್ಯವಾಯಿತು.

ಭಾರತದಲ್ಲಿ

ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಅನ್ವಯಿಸುವುದಿಲ್ಲ.

ಖಾತೆಯನ್ನು ಖಾಸಗಿಯಾಗಿ ಇರಿಸಿದರೂ ಪೂರ್ಣ ಭದ್ರತೆಯಿಲ್ಲ. ಕೋಲ್ಕತ್ತದ ಖಾಸಗಿ ವಿಶ್ವವಿದ್ಯಾಲಯವೊಂದರ ಸಹಾಯಕ ಪ್ರಾಧ್ಯಾಪಕಿಯು, ಇನ್‌ಸ್ಟಾಗ್ರಾಂನಲ್ಲಿದ್ದ ತಮ್ಮ ಈಜುಡುಗೆಯ ಚಿತ್ರಗಳ ಬಗ್ಗೆ ವಿದ್ಯಾರ್ಥಿಯ ಪೋಷಕರು ದೂರು ನೀಡಿದ ಬಳಿಕ 2021ರಲ್ಲಿ ಹುದ್ದೆ ತೊರೆದರು. ಚಿತ್ರಗಳು ತಾವು ಕೆಲಸಕ್ಕೆ ಸೇರುವ ಮೊದಲಿನವು, ಖಾಸಗಿ ಖಾತೆಯಲ್ಲಿದ್ದವು, ರಾಜೀನಾಮೆ ಬಲವಂತದ್ದು ಎಂಬುದು ಅವರ ವಾದ. ರಾಜೀನಾಮೆ ಸ್ವಯಂಪ್ರೇರಿತವೆಂದು ವಿಶ್ವವಿದ್ಯಾಲಯ ಹೇಳಿತು.

ಸರ್ಕಾರಿ ಶಿಕ್ಷಕರ ಸಾರ್ವಜನಿಕ ಮಾತಿಗೂ ಮಿತಿಗಳಿವೆ. ಕರ್ನಾಟಕದಲ್ಲಿ ನಾಗರಿಕ ಸೇವಾ ನಡತೆ ನಿಯಮಗಳು ಸರ್ಕಾರದ ಟೀಕೆಯನ್ನು ನಿರ್ಬಂಧಿಸುತ್ತವೆ. 2023ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಶಿಕ್ಷಕರೊಬ್ಬರನ್ನು, ಉಚಿತ ಯೋಜನೆಗಳನ್ನು ಟೀಕಿಸಿದ ಜಾಲತಾಣ ಬರಹಕ್ಕಾಗಿ ಅಮಾನತುಗೊಳಿಸಲಾಯಿತು. ಪಿಕರಿಂಗ್ ಪ್ರಕರಣದಲ್ಲಿ ರಕ್ಷಣೆ ಪಡೆದ ಬಗೆಯ ಮಾತೇ ಇಲ್ಲಿ ಶಿಸ್ತುಕ್ರಮಕ್ಕೆ ಕಾರಣವಾಯಿತು.

ಮುನ್ನೆಚ್ಚರಿಕೆ ಮತ್ತು ಪರಿಹಾರ

ಕೋವಿಡ್ ಕಾಲದ ದೂರಶಿಕ್ಷಣದಿಂದಾಗಿ ಅನೇಕ ಶಿಕ್ಷಕರ ಸ್ವಂತ ಮೊಬೈಲ್ ಸಂಖ್ಯೆ ವಾಟ್ಸ್‌ಆಪ್ ಗುಂಪುಗಳ ಮೂಲಕ ಎಲ್ಲ ಪೋಷಕರಿಗೂ ತಲುಪಿತು. ಭಾವಚಿತ್ರ, ಸ್ಟೇಟಸ್ ಮತ್ತು ಕೊನೆಯ ಬಾರಿ ಬಳಸಿದ ಸಮಯ ಯಾರಿಗೆ ಕಾಣಬೇಕೆಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ನಿರ್ಬಂಧಿಸಬಹುದು. ಶಾಲೆಯ ಕೆಲಸಕ್ಕೆ ಪ್ರತ್ಯೇಕ ಸಂಖ್ಯೆ ಬಳಸುವುದು ಇದಕ್ಕಿಂತ ಮೇಲು, ಆ ವೆಚ್ಚವನ್ನು ಶಾಲೆಯೇ ಭರಿಸುವುದಾದರೆ. ಇತರರು ತಮ್ಮ ಹೆಸರು ಸೇರಿಸಿ ಪ್ರಕಟಿಸುವ ಚಿತ್ರಗಳು ತಮ್ಮ ಪುಟದಲ್ಲಿ ಕಾಣಿಸುವುದಕ್ಕೆ ಮುನ್ನ ಅನುಮತಿ ಕೇಳುವಂತೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿ ಹೊಂದಿಸಬಹುದಾದರೂ, ಮೂಲ ಚಿತ್ರ ಪ್ರಕಟವಾಗುವುದನ್ನು ಇದು ತಡೆಯುವುದಿಲ್ಲ.

ಶಿಕ್ಷಕರ ಹೆಸರಿನಲ್ಲಿ ನಕಲಿ ಖಾತೆ ತೆರೆದಾಗ ಮೊದಲು ಪರದೆಯ ಚಿತ್ರ ಮತ್ತು ಖಾತೆಯ ವಿಳಾಸವನ್ನು ಉಳಿಸಿಕೊಂಡು, ಬಳಿಕ ತಾಣಕ್ಕೂ ಪೊಲೀಸರಿಗೂ ದೂರು ನೀಡಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಮತ್ತು 66ಡಿ ವಿಧಿಗಳಡಿ ಗುರುತಿನ ಕಳವು ಹಾಗೂ ಸೋಗು ಹಾಕಿ ಮಾಡುವ ವಂಚನೆಗೆ ಮೂರು ವರ್ಷಗಳವರೆಗೆ ಸೆರೆವಾಸವಿದೆ.