ಉಸಿರೇ ಅಳತೆ: ಹೃತ್ಕರ್ಣ ಕಂಪನ ಮತ್ತು ದುಡಿಮೆಯ ಮಿತಿ

ಮೊಳಕಾಲ್ಮುರಿನ ರೇಷ್ಮೆ ಸೀರೆಯ ಮಗ್ಗವಾಗಲಿ, ಚಳ್ಳಕೆರೆಯ ಕಂಬಳಿ ಮಗ್ಗವಾಗಲಿ, ಕೈಕಾಲಿಗೆ ಬಿಡುವು ಕೊಡುವುದಿಲ್ಲ. ಹೃತ್ಕರ್ಣ ಕಂಪನ, ಅಂದರೆ ಹೃದಯದ ಮೇಲಿನ ಕೋಣೆ ನಡುಗಿ ನಾಡಿಯ ತಾಳ ತಪ್ಪುವ ಕಾಯಿಲೆ, ಇರುವವರು ಮಗ್ಗಕ್ಕೆ ಕೂರಬಹುದೇ, ಕುರಿಯ ಹಿಂದೆ ನಡೆಯಬಹುದೇ ಎಂದು ಕೇಳಿದರೆ ಇಂದು ಥಟ್ಟನೆ ಸಿಗುವುದು ಒಂದು ಸಂಖ್ಯೆ: 220ರಲ್ಲಿ ವಯಸ್ಸು ಕಳೆದು ಬಂದ, ನಿಮಿಷದ ಹೃದಯ ಬಡಿತದ ಮಿತಿ. ಈ ಕಾಯಿಲೆಗೆ ಆ ಲೆಕ್ಕ ಒಗ್ಗುವುದಿಲ್ಲ. ಕಾಯಿಲೆಯ ಚರಿತ್ರೆಯನ್ನು ನೋಡಿದರೆ ಇದು ತಿಳಿಯುತ್ತದೆ.

ಆ ಚರಿತ್ರೆಯ ಮುಖ್ಯ ಘಟ್ಟ ನಡೆದದ್ದೂ ನೇಯ್ಗೆಯ ಊರಿನಲ್ಲೇ. ಇಂಗ್ಲೆಂಡಿನ ಹತ್ತಿ ಬಟ್ಟೆಯ ಪಟ್ಟಣ ಬರ್ನ್ಲಿಯಲ್ಲಿ 1879ರಿಂದ 1907ರವರೆಗೆ ಸಾಮಾನ್ಯ ವೈದ್ಯರಾಗಿದ್ದ ಜೇಮ್ಸ್ ಮೆಕೆಂಝಿ, ಮಣಿಕಟ್ಟಿನ ನಾಡಿಯನ್ನೂ ಕತ್ತಿನ ಅಭಿಧಮನಿಯ ಅಲೆಯನ್ನೂ ಒಟ್ಟಿಗೆ ಕಾಗದದ ಮೇಲೆ ಮೂಡಿಸುವ ಉಪಕರಣ ರೂಪಿಸಿದರು. ಅದೇ ರೋಗಿಗಳನ್ನು ವರ್ಷಗಟ್ಟಲೆ ನೋಡುತ್ತಿದ್ದುದರಿಂದ, ನಾಡಿಯ ತಾಳ ತಪ್ಪಿದಾಗ ಹೃತ್ಕರ್ಣದ ಅಲೆ ಮಾಯವಾಗುವುದು ಅವರ ಕಣ್ಣಿಗೆ ಬಿತ್ತು. ಹೃತ್ಕರ್ಣ ನಿಶ್ಚಲವಾಗಿದೆ ಎಂದು ಅವರು ಊಹಿಸಿದ್ದು ತಪ್ಪು. ಅದು ನಡುಗುತ್ತಿರುತ್ತದೆ ಎಂದು 1909ರಲ್ಲಿ ಥಾಮಸ್ ಲೂಯಿಸ್ ಇಸಿಜಿಯ ಮೂಲಕ ತೋರಿಸಿದರು. ಆದರೆ ಹೃದಯದ ಬಲವನ್ನು ಅದರ ಸದ್ದಿನಿಂದಲ್ಲ, ದುಡಿಮೆಯನ್ನು ಅದು ತಾಳಿಕೊಳ್ಳುವ ಬಗೆಯಿಂದ ಅಳೆಯಬೇಕೆಂಬ ಮೆಕೆಂಝಿಯವರ ನಿಲುವು ಇಂದಿಗೂ ಗಟ್ಟಿಯಾಗಿದೆ.

ಇನ್ನೂ ಹಿಂದಕ್ಕೆ ಹೋದರೆ, ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ ವ್ಯಾಯಾಮವನ್ನು ಅರ್ಧಬಲಕ್ಕೆ ನಿಲ್ಲಿಸಲು ಹೇಳಿ, ಅದರ ಗುರುತನ್ನೂ ಕೊಡುತ್ತದೆ: ಎದೆಯ ಉಸಿರು ಬಾಯಿಗೆ ಬರುವ ಗಳಿಗೆ. ಇದನ್ನು ಹೃತ್ಕರ್ಣ ಕಂಪನಕ್ಕೆ ಬರೆದದ್ದೆಂದು ಓದುವುದು ಅತಿಯಾದೀತು. ಆದರೂ ನಡೆಯುತ್ತ ಒಂದು ಪೂರ್ತಿ ವಾಕ್ಯ ಆಡಲಾಗುತ್ತದೆಯೇ ಎಂದು ಇಂದಿನ ವೈದ್ಯರು ನೋಡುವ ಪರೀಕ್ಷೆ ಇದಕ್ಕೆ ತೀರ ಹತ್ತಿರದ್ದು.

ಸಂಖ್ಯೆ ಮೋಸ ಮಾಡುವುದೇಕೆ? ಕಂಪನದಲ್ಲಿ ಕೆಲವು ಬಡಿತಗಳಿಗೆ ಮುನ್ನ ಹೃದಯ ತುಂಬಿರುವುದೇ ಇಲ್ಲ. ಅಂಥವು ಮಣಿಕಟ್ಟನ್ನು ಮುಟ್ಟುವುದಿಲ್ಲ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಪೂರ್ತಿ ನಿಮಿಷ ಎಣಿಸಬೇಕು. ಲಾಳಿ ಎಸೆಯುವ ಕೈಯಲ್ಲಿ ಕಟ್ಟಿದ ಸ್ಮಾರ್ಟ್ ವಾಚ್ ಇನ್ನಷ್ಟು ತಪ್ಪಬಹುದು. ಮೆಟೊಪ್ರೊಲಾಲ್‌ನಂಥ ಮಾತ್ರೆ ಬಡಿತ ಏರದಂತೆ ಹಿಡಿಯುವುದರಿಂದ ವಯಸ್ಸಿನ ಸೂತ್ರವೂ ನಿಲ್ಲುವುದಿಲ್ಲ. 2010ರಲ್ಲಿ ಪ್ರಕಟವಾದ, 614 ರೋಗಿಗಳ ಡಚ್ ಅಧ್ಯಯನ ರೇಸ್-2, ವಿಶ್ರಾಂತಿಯ ಬಡಿತವನ್ನು 80ರ ಕೆಳಗೆ ಬಿಗಿಹಿಡಿಯುವುದಕ್ಕೂ 110ರ ಕೆಳಗೆ ಬಿಡುವುದಕ್ಕೂ ಫಲಿತಾಂಶದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಸಂಖ್ಯೆಯ ಭಯದಿಂದ ಮಗ್ಗ ಬಿಟ್ಟವರಿಗೆ ಈ ಸಂಗತಿ ತಿಳಿಯಲೇಬೇಕು.

ಹಾಗೆಂದು ದುಡಿಮೆಯಾಗಲಿ ನಡಿಗೆಯಾಗಲಿ ಮಾತ್ರೆಗೆ ಬದಲಿಯಲ್ಲ. ನಡುಗುವ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ವೈದ್ಯರು ಬರೆದ ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾನಾಗಿ ಬಿಡುವಂತಿಲ್ಲ. ಎದೆನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಮೊಳಕಾಲ್ಮುರು, ಚಳ್ಳಕೆರೆ ಸೀಮೆಯ ಬೇಸಿಗೆಯಲ್ಲಿ ಬೆವರು ಹರಿದು ನೀರಿನಂಶ ತಗ್ಗಿದರೆ ಬಡಿತ ತಾನಾಗಿ ಏರುತ್ತದೆ. ನಡಿಗೆ ಬಿಸಿಲೇರುವ ಮೊದಲೇ ಮುಗಿಯಲಿ. ವೈದ್ಯರ ಮುಂದೆ ಕೂತಾಗ ವಾಚಿನ ಅಂಕಿಯ ಜೊತೆಗೆ ಇದನ್ನೂ ಹೇಳಬೇಕು: ಹೋದ ತಿಂಗಳು ಮಾತಾಡುತ್ತಲೇ ಹತ್ತಿದ್ದ ದಿಬ್ಬದಲ್ಲಿ ಈಗ ಉಸಿರು ಎಲ್ಲಿ ನಿಲ್ಲಿಸುತ್ತದೆ.